ಮೂವತ್ತೆರಡನೆಯವನು

ಬೆಳಿಗ್ಗೆಯಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಫೀಸಿನ ಗುಮಾಸ್ತ ತನ್ನ ಮೊಬೈಲನ್ನು ಅವನ ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದು, "ನೋಡು ಭಾಷಣ, ನೀನೀಗ ದೊಡ್ಡ ಮನುಷ್ಯ. ನಾಲ್ಕು ಲಕ್ಷ ಜನ ನೋಡಿದ್ದಾರೆ," ಎಂದಿದ್ದ. ಅಣೆಕಟ್ಟು ನೋಡಲು ಬಂದವರನ್ನು ಒಳಗೆ ಕರೆದುಕೊಂಡು ಹೋಗಿ ವಿವರಣೆ ಕೊಡುವುದು ಅವನ ಕೆಲಸ. ಮಾತು ಜಾಸ್ತಿ ಅಂತ ಆಫೀಸಿನವರು ಇಟ್ಟ ಹೆಸರು ಭಾಷಣ. ಆ ಪುಟ್ಟ ಪರದೆಯೊಳಗೆ ಹಳದಿ ಹೆಲ್ಮೆಟ್ಟಿನ ಐವತ್ತರ ಮನುಷ್ಯನೊಬ್ಬ ಗೋಡೆಗೆ ಕೈ ತೋರಿಸುತ್ತ, ಕಣ್ಣು ಅರ್ಧ ಮುಚ್ಚಿ, ಮೂವತ್ತೆರಡನೆಯವನ ಕಥೆ ಹೇಳುತ್ತಿದ್ದ. ತನಗೆ ಇಷ್ಟು ಹೊಟ್ಟೆ ಬಂದಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಅದಾದರೂ ಹೋಗಲಿ. ಸಾವಿನ ಮಾತು ಬರುವುದಕ್ಕೆ ಒಂದು ಗಳಿಗೆ ಮುಂಚೆ ಆ ಮನುಷ್ಯ ನಾಲಗೆಯಿಂದ ತುಟಿ ಸವರಿಕೊಳ್ಳುತ್ತಿದ್ದ, ತಟ್ಟೆಯ ಮುಂದೆ ಕೂತವನ ಹಾಗೆ. ಗುಮಾಸ್ತ ಎರಡು ಸಲ ಹಾಕಿ ತೋರಿಸಿದ. ಎರಡು ಸಲವೂ ಸವರಿಕೊಂಡ. ಯಾರು ಯಾವಾಗ ತೆಗೆದ ವಿಡಿಯೋ ಅಂತ ಕೇಳಬೇಕೆಂದವನು ಕೇಳದೆ, ನಕ್ಕು, ಹೆಲ್ಮೆಟ್ಟುಗಳ ಕೋಣೆಗೆ ಹೋಗಿ ಬೀಗ ಹಾಕಿರದ ಬೀರುವಿನ ಬೀಗದ ಕೈ ಹುಡುಕಿದ. ಅವತ್ತಿನ ಮೊದಲ ಎರಡು ತಂಡಗಳ ಮುಂದೆ ತುಟಿ ಬಿಗಿಹಿಡಿದುಕೊಂಡೇ ಕಥೆ ಹೇಳಿದ. ಎರಡು ಕಡೆ ತೊದಲಿದ. ಆದರೂ ಜನ ಉಸಿರು ಹಿಡಿದು ಕೇಳಿದರು, ಗೋಡೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ಅರ್ಧಕ್ಕರ್ಧ ಜನ ಆ ವಿಡಿಯೋ ನೋಡಿಯೇ ಬಂದಿದ್ದರು.

ಮೂರನೆಯ ತಂಡದಲ್ಲಿ ಹನ್ನೊಂದು ಜನ. ಇಳಿಯಲು ಇನ್ನೂರ ಹದಿನಾಲ್ಕು ಮೆಟ್ಟಿಲು. ಹೊರಗೆ ಬಿಸಿಲು ಜಲಾಶಯದ ಮೇಲೆ ತಗಡಿನ ಹಾಗೆ ಹೊಳೆಯುತ್ತಿದ್ದರೂ ಇಪ್ಪತ್ತನೆಯ ಮೆಟ್ಟಿಲಿಗೇ ಚಳಿ ಶುರುವಾಗುತ್ತಿತ್ತು; ಐವತ್ತಕ್ಕೆ ಮಾತಿನ ಜೊತೆ ಬಾಯಿಂದ ಹಬೆ ಬರುತ್ತಿತ್ತು. ತಂತಿಯ ಬುಟ್ಟಿಯೊಳಗಿನ ಬಲ್ಬುಗಳು, ಗೋಡೆಯ ಮೇಲೆ ಸುಣ್ಣ ಇಳಿದ ಬಿಳಿ ಗೆರೆಗಳು, ಕಾಲ ಪಕ್ಕದ ಸಣ್ಣ ಚರಂಡಿಯಲ್ಲಿ ಸದ್ದಿಲ್ಲದೆ ಹರಿಯುವ ನೀರು. ಅವನ ಎಡ ಮೊಣಕಾಲು ಪ್ರತಿ ಮೆಟ್ಟಿಲಿಗೂ ಒಂದೊಂದು ತಕರಾರು ಹೇಳುತ್ತಿತ್ತು. ಇಪ್ಪತ್ತು ವರ್ಷ ಗೇಟುಗಳ ಮೇಲೆ ಕೆಲಸ ಮಾಡಿ, ಎಣ್ಣೆ ಬಿದ್ದ ಏಣಿಯಿಂದ ಜಾರಿ ಮೊಣಕಾಲು ಮುರಿದುಕೊಂಡ ಮೇಲೆ, ಕೂತು ತಿನ್ನುವ ಕೆಲಸ ಅಂತ ಇದನ್ನು ಕೊಟ್ಟಿದ್ದರು. ಕೊಟ್ಟವರು ಮೆಟ್ಟಿಲು ಎಣಿಸಿರಲಿಲ್ಲ. ತಂಡದ ಕೊನೆಯಲ್ಲಿ ಒಬ್ಬ ಮುದುಕಿ ಮಗಳ ತೋಳು ಹಿಡಿದು ಇಳಿಯುತ್ತಿದ್ದಳು. ಎಪ್ಪತ್ತರ ಹತ್ತಿರ ಇರಬೇಕು. ಹೆಲ್ಮೆಟ್ಟು ದೊಡ್ಡದಾಗಿ ಹುಬ್ಬಿನ ತನಕ ಬಂದಿತ್ತು. ಬೇರೆಯವರು ಅವನ ಮುಖ ನೋಡುತ್ತಿದ್ದರೆ ಅವಳು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಬ್ಲಾಕಿನ ನಂಬರುಗಳನ್ನು ಒಂದೊಂದಾಗಿ ಓದಿಕೊಳ್ಳುತ್ತ ಬರುತ್ತಿದ್ದಳು, ಬಸ್ಸಿನಲ್ಲಿ ಇಳಿಯುವ ನಿಲ್ದಾಣ ತಪ್ಪಿಹೋದೀತು ಎಂಬಂತೆ.

ಹದಿನೇಳನೆಯ ಬ್ಲಾಕಿನ ಮುಂದೆ ನಿಂತು ಅವನು ಎಂದಿನಂತೆ ದನಿ ತಗ್ಗಿಸಿದ. ಮೇಲೆ, ಹೆಬ್ಬಾಗಿಲ ಪಕ್ಕದ ಕಲ್ಲಿನ ಮೇಲೆ, ಕಟ್ಟುವಾಗ ಸತ್ತ ಮೂವತ್ತೊಂದು ಜನರ ಹೆಸರಿದೆ, ನೋಡಿದ್ದೀರಿ. ಮೂವತ್ತೆರಡನೆಯವನ ಹೆಸರು ಅಲ್ಲಿಲ್ಲ. ಅವನು ಇಲ್ಲಿದ್ದಾನೆ. ಕ್ರೇನಿನವನಿಗೆ ಸಿಳ್ಳೆ ಹಾಕಿ ಸನ್ನೆ ಕೊಡೋದು ಅವನ ಕೆಲಸ. ಒಂದು ಸಿಳ್ಳೆ ಅಂದ್ರೆ ಇಳಿಸು, ಎರಡು ಅಂದ್ರೆ ನಿಲ್ಲಿಸು. ಮಂಜು ಕವಿದ ಬೆಳಿಗ್ಗೆ. ಒಂದು ಸಿಳ್ಳೆ ಕೇಳಿಸ್ತು, ಎರಡನೇದು ಕೇಳಿಸಲಿಲ್ಲ. ಕಾಂಕ್ರೀಟು ತುಂಬಿದ ತೊಟ್ಟಿ ಅವನ ತಲೆ ಮೇಲೇ ಬಾಯಿ ತೆರೀತು. ಕೆಲಸ ನಿಲ್ಲಿಸಿದ್ರೆ ಕಾಂಕ್ರೀಟು ಕೆಡುತ್ತೆ ಅಂತ ಮೇಲಿನವರು ನಿಲ್ಲಿಸಲಿಲ್ಲ. ನಮ್ಮಪ್ಪ ಕಣ್ಣಾರೆ ಕಂಡವರು. ಮುಟ್ಟಿ ನೋಡಿ, ಎಲ್ಲ ಬ್ಲಾಕೂ ಬೆವರುತ್ತೆ, ಇದೊಂದು ಬೆವರಲ್ಲ.

ಬೆವರದಿರುವುದಕ್ಕೆ ಕಾರಣ ಅದರ ಹಿಂದಿದ್ದ ಒಳ್ಳೆಯ ಬಸಿಗಾಲುವೆ. ಮಿಕ್ಕಿದ್ದಕ್ಕೆ ಕಾರಣ ಎಂಟು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಈ ಕೆಲಸಕ್ಕೆ ಬಂದ ಎರಡನೆಯ ವಾರ, ದೊಡ್ಡ ಅಧಿಕಾರಿಯ ಅತಿಥಿಗಳು ಬಂದಿದ್ದರು. ಎಷ್ಟು ಅಡಿ ಎತ್ತರ, ಎಷ್ಟು ಮೂಟೆ ಸಿಮೆಂಟು ಅಂತ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಿದ್ದವನ ಎದುರಿಗೇ ಒಬ್ಬಾಕೆ, ನೀಲಿ ಕೋಟಿನವಳು, ಬಾಯಿಗೆ ಕೈ ಅಡ್ಡ ಇಡದೆ ಆಕಳಿಸಿದಳು. ಆ ಆಕಳಿಕೆಯ ಒಳಗಿನ ಕೆಂಪು ಅವನಿಗೆ ಇವತ್ತಿಗೂ ಕಾಣುತ್ತದೆ. ಆಮೇಲೆ ಅವಳು, "ಇಲ್ಲಿ ಯಾರೂ ಸಾಯಲಿಲ್ವಾ?" ಎಂದಳು, ಅಂಗಡಿಯಲ್ಲಿ ಬೇರೆ ಬಣ್ಣದ್ದು ಇಲ್ವಾ ಅಂತ ಕೇಳುವ ಹಾಗೆ. ಅವನು ಬಾಯಿ ತೆರೆದ; ಮೂವತ್ತೆರಡನೆಯವನು ತಾನಾಗಿಯೇ ಹೊರಬಂದ. ಸಿಳ್ಳೆ ಮಾತ್ರ ಅವನ ಅಪ್ಪನದು. ಅಪ್ಪ ಒಂಬತ್ತು ವರ್ಷ ಈ ಗೋಡೆಯ ಮೇಲೆ ನಿಂತು ಕ್ರೇನಿಗೆ ಸಿಳ್ಳೆ ಹಾಕಿದವನು. ಯಾರೂ ಬಿದ್ದದ್ದನ್ನು ಕಾಣದವನು. ಮನೆಯಲ್ಲಿ, ಹಾಸಿಗೆಯಲ್ಲಿ, ಕೆಮ್ಮಿ ಕೆಮ್ಮಿ ಸತ್ತವನು. ಕಥೆ ಕೇಳಿ ತನ್ನ ಹೆಂಡತಿಯೇ "ಅಯ್ಯೋ ಪಾಪ" ಅಂದು ಅವತ್ತು ಊಟ ಬಿಟ್ಟಿದ್ದಳು. ಸುಳ್ಳು ಕಣೇ ಅನ್ನಬೇಕಾಗಿತ್ತು. ಅನ್ನುವಷ್ಟರಲ್ಲಿ ಅವಳು ತಂಗಿಗೆ ಫೋನು ಮಾಡಿ ಹೇಳಿ ಆಗಿತ್ತು.

ತಂಡದವರು ಗೋಡೆ ಮುಟ್ಟಿ, ಹೌದಲ್ಲ ಒಣಗಿದೆ, ಅಂತ ಮೈ ನಡುಗಿಸಿ ನಕ್ಕು ಮುಂದೆ ಹೋದರು. ಮುದುಕಿ ನಿಂತೇ ಇದ್ದಳು.

"ಎಷ್ಟು ಎತ್ತರದಲ್ಲಿದ್ದಾರೆ?" ಎಂದಳು.

"ಯಾರಮ್ಮ?"

"ಅವರು. ನಮ್ಮ ತಲೆಗಿಂತ ಮೇಲೋ, ಕೆಳಗೋ?"

"ಇದೇ ಎತ್ತರ," ಅಂದುಬಿಟ್ಟ.

"ತಲೆ ಯಾವ ಕಡೆಗೆ?"

ಈಗಲಾದರೂ ಸುಮ್ಮನಾಗಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು, ಗೊತ್ತಿಲ್ಲ ಅನ್ನುವುದು ನಿಜವೂ ಆಗಿತ್ತು. ಆದರೆ ಎಂಟು ವರ್ಷದಲ್ಲಿ ಅವನು ಯಾವ ಪ್ರಶ್ನೆಗೂ ಗೊತ್ತಿಲ್ಲ ಅಂದಿರಲಿಲ್ಲ, ನಾಲಗೆಗೆ ಆ ಮಾತಿನ ರೂಢಿಯೇ ತಪ್ಪಿತ್ತು. "ಬೆಟ್ಟದ ಕಡೆಗೆ," ಎಂದ. ಮುದುಕಿ ತಲೆಯಾಡಿಸಿದಳು. ಬ್ಲಾಕಿನ ಬೆಟ್ಟದ ಕಡೆಯ ಅಂಚಿನಿಂದ ನಾಲ್ಕು ಹೆಜ್ಜೆ ಅಳೆದು ಬಂದು, ಎದೆ ಇರಬಹುದಾದ ಜಾಗ ಲೆಕ್ಕ ಹಾಕಿ ಅಂಗೈ ಇಟ್ಟಳು. ಮಗಳು ಬೇರೆ ಕಡೆ ನೋಡುತ್ತಿದ್ದಳು. ಅವನಿಗೆ ತನ್ನ ಬೆನ್ನಿನ ಮೇಲೆ ನೀರು ತೊಟ್ಟಿಕ್ಕಿದಂತಾಗಿ ತಿರುಗಿ ಮೇಲೆ ನೋಡಿದ. ಅಲ್ಲಿ ಏನೂ ತೊಟ್ಟಿಕ್ಕುತ್ತಿರಲಿಲ್ಲ.

ಮೇಲೆ ಬಂದು ಹನ್ನೊಂದು ಹೆಲ್ಮೆಟ್ಟು ವಾಪಸು ಎಣಿಸಿಕೊಂಡು ಕ್ಯಾಂಟೀನಿಗೆ ಹೋದಾಗ ಅವರಿಬ್ಬರೂ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ತಪ್ಪಿಸಿಕೊಂಡು ಹೋಗೋಣವೆಂದು ಚಹಾದ ಲೋಟ ಹಿಡಿದು ತಿರುಗಿದವನನ್ನು ಮಗಳು ಕರೆದಳು. ನಲವತ್ತೈದು ನಲವತ್ತಾರರ ಹೆಂಗಸು, ಔಷಧದ ಅಂಗಡಿಯಲ್ಲಿ ಕೆಲಸವಂತೆ. ಮಾತಾಡುವಾಗ ಚೀಟಿ ಓದಿ ಹೇಳುವವರ ಹಾಗೆ ಒಂದೊಂದು ಮಾತನ್ನೂ ಬಿಡಿಸಿ ಇಡುತ್ತಿದ್ದಳು. "ನಮ್ಮಪ್ಪ ಇಲ್ಲೇ ಕೆಲಸಕ್ಕಿದ್ದರು. ಕ್ರೇನಿಗೆ ಸಿಳ್ಳೆ ಹಾಕೋರು. ನನಗೆ ಎರಡು ವರ್ಷ ಆಗ. ಒಂದು ದಿನ ಬೆಳಿಗ್ಗೆ ಮನೆಯಿಂದ ಹೋದೋರು ಬರಲೇ ಇಲ್ಲ. ಇಲ್ಲಿಗೆ ಬಂದು ಕೇಳಿದ್ರೆ ಮೇಸ್ತ್ರಿ, ಅವನು ಕೆಲಸ ಬಿಟ್ಟು ಯಾರನ್ನೋ ಕಟ್ಟಿಕೊಂಡು ಓಡಿಹೋದ, ಅಂದ." ಅಷ್ಟು ಹೇಳಿ ಅಮ್ಮನ ಮುಖ ನೋಡಿದಳು. ಮುದುಕಿ ಬನ್ನು ಮುರಿದು ಚಹಾದಲ್ಲಿ ಅದ್ದಿ ನಿಧಾನವಾಗಿ ತಿನ್ನುತ್ತಿದ್ದಳು; ಮನೆಗೆ ಬಂದ ನೆಂಟನ ಜೊತೆ ಮಾತಾಡುವ ಹಾಗೆ ಅವನ ಕಡೆ ತಿರುಗಿದಳು. "ನಲವತ್ತನಾಲ್ಕು ವರ್ಷ ಕಣಪ್ಪ. ಓಡಿಹೋದವನ ಹೆಂಡತಿ ಅಂತಲೇ ನನ್ನ ಹೆಸರು. ಅತ್ತೆ ಮನೆಯಿಂದ ಹೊರಗೆ ಹಾಕಿದ್ರು. ನಲ್ಲಿಗೆ ನೀರಿಗೆ ಹೋದ್ರೆ ಹೆಂಗಸರು ಗಂಡಂದಿರನ್ನ ಒಳಗೆ ಕರೀತಿದ್ರು, ಗೊತ್ತಾ? ನಾನೇ ಏನೋ ಮಾಡಿ ಓಡಿಸಿದ ಹಾಗೆ. ಹೋದ ತಿಂಗಳು ಪಕ್ಕದ ಮನೆಯವಳು ಮೊಬೈಲಿನಲ್ಲಿ ನಿನ್ನ ತೋರಿಸಿದಳು. ಸಿಳ್ಳೆ ಅಂದೆ ನೋಡು ನೀನು, ನನಗೆ ಅಲ್ಲೇ ಗೊತ್ತಾಯ್ತು. ಅವತ್ತೂ ಮಂಜಿತ್ತು. ಮೊನ್ನೆ ನಾದಿನಿ ಮನೆಗೆ ಹೋಗಿ, ನಡುಮನೆಯಲ್ಲಿ ನಿಂತು ಹೇಳಿ ಬಂದೆ. ನಿಮ್ಮಣ್ಣ ಓಡಿಹೋಗಲಿಲ್ಲ, ಕೆಲಸದ ಮೇಲೆ ನಿಂತಲ್ಲೇ ನಿಂತಿದ್ದಾನೆ ಅಂತ."

ಅವನು ಚಹಾ ಕುಡಿದ. ಬಿಸಿ ಇತ್ತೋ ಇಲ್ಲವೋ ತಿಳಿಯಲಿಲ್ಲ. ಕಿಟಕಿಯಾಚೆ ಜಲಾಶಯದ ಮೇಲೆ ಒಂದು ದೋಣಿ ತೇಲಿ ಬಂದ ಮರದ ದಿಮ್ಮಿಗಳನ್ನು ದಡಕ್ಕೆ ಎಳೆಯುತ್ತಿತ್ತು. ಎಷ್ಟು ಎಳೆದರೂ ಅಲ್ಲೇ ಇದ್ದ ಹಾಗೆ ಕಾಣುತ್ತಿತ್ತು. ಅಣೆಕಟ್ಟು ಕಟ್ಟುವಾಗ ಸಿಳ್ಳೆ ಹಾಕುವವರು ಒಬ್ಬಿಬ್ಬರಲ್ಲ, ಪಾಳಿಗೆ ಆರು ಜನ, ಅಂತ ಅಪ್ಪ ಹೇಳುತ್ತಿದ್ದ. ಮಂಜು ವರ್ಷದಲ್ಲಿ ಇನ್ನೂರು ದಿನ. ಸುಳ್ಳಿಗೆ ತಾನು ಹಚ್ಚಿದ್ದ ಎರಡು ನಿಜಗಳು ಹೋಗಿ ಈ ಹೆಂಗಸಿನ ಬಾಗಿಲು ತಟ್ಟಿದ್ದವು. ಮಗಳು ಕೈಚೀಲದಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದಳು. ಎಂಜಿನಿಯರಿಗೆ ಅರ್ಜಿ: ಹೆಬ್ಬಾಗಿಲ ಕಲ್ಲಿನ ಮೇಲೆ ತನ್ನ ಗಂಡನ ಹೆಸರನ್ನು ಮೂವತ್ತೆರಡನೆಯದಾಗಿ ಕೆತ್ತಿಸಬೇಕು. ಕೆಳಗೆ, ಸಾಕ್ಷಿ ಅಂತ ಬರೆದು ಒಂದು ಖಾಲಿ ಗೆರೆ.

"ನಿಮ್ಮಪ್ಪ ನೋಡಿದ್ದನ್ನ ನೀನು ಕೇಳಿದ್ದೀಯಲ್ಲ. ಅಷ್ಟು ಸಾಕು. ಒಂದು ಸಹಿ ಹಾಕು," ಎಂದಳು ಮುದುಕಿ.

ಹಾಕಿದರೆ ಏನಾಗುತ್ತದೆ? ಅರ್ಜಿ ಗುಮಾಸ್ತನ ಮೇಜಿನ ಮೇಲೆ ಆರು ತಿಂಗಳು ಮಲಗುತ್ತದೆ. ಅಷ್ಟರಲ್ಲಿ ಮುದುಕಿ ತನ್ನೂರಿನ ಬೀದಿಯಲ್ಲಿ ತಲೆಯೆತ್ತಿ ನಾಲ್ಕು ದಿನ ಓಡಾಡಿರುತ್ತಾಳೆ. ಯಾರ ಗಂಟು ಏನು ಹೋಗುತ್ತದೆ? ಪೆನ್ನು ಕೈಗೆ ಬಂದಿತ್ತು. ಕಾಗದದ ಮೇಲೆ ಸತ್ತವನ ಹೆಸರು ದುಂಡಗಿನ ಅಕ್ಷರದಲ್ಲಿತ್ತು. ಎಂಟು ವರ್ಷ ಹೆಸರಿಲ್ಲದೆ ಹಾಯಾಗಿದ್ದ ಆ ಮನುಷ್ಯನಿಗೆ ಒಂದು ಹೆಸರು, ಒಬ್ಬಳು ನಾದಿನಿ, ಒಂದು ನಡುಮನೆ ಬಂದುಬಿಟ್ಟಿದ್ದವು. ಅವನಿಗೆ ವಿಡಿಯೋದಲ್ಲಿನ ತನ್ನ ನಾಲಗೆ ನೆನಪಾಯಿತು.

"ಅಮ್ಮ, ಅದು ನಾನು ಕಟ್ಟಿದ್ದು," ಎಂದ.

"ಏನು?"

"ಕಥೆ. ಅಲ್ಲಿ ಯಾರೂ ಇಲ್ಲ. ನಮ್ಮಪ್ಪ ಏನೂ ನೋಡಿಲ್ಲ. ಜನ ಆಕಳಿಸ್ತಾರೆ ಅಂತ ಹೇಳಿದೆ."

ಮಗಳ ಕೈಯಲ್ಲಿದ್ದ ಕಾಗದ ಮೇಜಿಗೆ ಇಳಿಯಿತು. ಮುದುಕಿ ಮಾತ್ರ ಬನ್ನಿನ ಕೊನೆಯ ಚೂರು ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಅತ್ತಿತ್ತ ನೋಡಿದಳು. ಗುಮಾಸ್ತ ಕೌಂಟರಿನ ಹತ್ತಿರ ನಿಂತು ಸಿಗರೇಟು ಕೊಳ್ಳುತ್ತಿದ್ದ. ಅವಳು ದನಿ ತಗ್ಗಿಸಿ, "ಮೇಲಿನವರು ಹೇಳಬೇಡ ಅಂದ್ರಾ?" ಎಂದಳು.

"ಇಲ್ಲಮ್ಮ. ಯಾರೂ ಏನೂ ಅಂದಿಲ್ಲ. ಕಾಂಕ್ರೀಟನ್ನ ಒಂದೇ ಸಲಕ್ಕೆ ಸುರಿಯೋದಿಲ್ಲ. ಐದೈದು ಅಡಿ ಹಾಕ್ತಾರೆ. ಹತ್ತು ಜನ ಅದರೊಳಗೇ ಬೂಟು ಹಾಕ್ಕೊಂಡು ನಿಂತಿರ್ತಾರೆ. ಮನುಷ್ಯ ಮುಳುಗಿಹೋಗೋಕೆ ಅದೇನು ಕೆರೆಯಾ? ಬಿದ್ದರೂ ತೆಗೀತಾರೆ. ಬಿಟ್ಟರೆ ಗೋಡೆಯೇ ಟೊಳ್ಳಾಗುತ್ತೆ, ಯಾವ ಎಂಜಿನಿಯರೂ ಬಿಡಲ್ಲ." ಬೆವರುತ್ತಿದ್ದ. ಜೀವಮಾನದಲ್ಲಿ ಇಷ್ಟು ನಿಜ ಇಷ್ಟು ಬೇಗ ಹೇಳಿದವನಲ್ಲ. "ಸಿಳ್ಳೆ ನಮ್ಮಪ್ಪಂದು. ಸಿಳ್ಳೆ ಹಾಕ್ತಿದ್ದೋನು ನಮ್ಮಪ್ಪ."

"ಹಾಗಾದ್ರೆ ನಿಮ್ಮಪ್ಪನೂ ನಮ್ಮೋರೂ ಒಂದೇ ಕೆಲಸದ ಮೇಲಿದ್ದೋರು," ಎಂದಳು ಮುದುಕಿ. ಅವಳ ಮುಖ ಬೆಳಗಿತು. "ಅದಕ್ಕೇ ನಿಮ್ಮಪ್ಪನಿಗೆ ಗೊತ್ತಿತ್ತು. ಸಾಯೋ ತನಕ ಬಾಯಿ ಬಿಡಬೇಡ ಅಂತ ನಿನ್ನ ಹತ್ರ ಆಣೆ ಹಾಕಿಸಿಕೊಂಡಿರಬೇಕು, ಪಾಪ. ನೀನು ಹೆದರಬೇಡ. ನಿನಗೂ ಹೆಂಡತಿ ಮಕ್ಕಳಿದ್ದಾರೆ. ಸಹಿ ಬೇಡ ಬಿಡು." ಪೆನ್ನನ್ನು ಅವನ ಬೆರಳಿಂದ ಬಿಡಿಸಿಕೊಂಡು, ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದಳು. "ಹಾಗೇ ಕೊಟ್ಟು ಬರ್ತೀನಿ. ಕೆತ್ತಿದ್ರೆ ಕೆತ್ತಲಿ, ಬಿಟ್ರೆ ಬಿಡಲಿ. ನಾನು ನೋಡಿದ್ದಾಯ್ತಲ್ಲ." ಎದ್ದು, ಅವನ ಭುಜವನ್ನು ಒಮ್ಮೆ ತಟ್ಟಿ, ಆಫೀಸಿನ ಕಡೆಗೆ ಒಬ್ಬಳೇ ನಡೆದುಹೋದಳು. ಇಳಿಯುವಾಗ ತೋಳು ಬೇಕಾಗಿದ್ದವಳಿಗೆ ಈಗ ಬೇಕಾಗಲಿಲ್ಲ. ಆ ತಟ್ಟಿದ ಜಾಗ ಉರಿಯುತ್ತಿತ್ತು. ಬೈದಿದ್ದರೆ, ಉಗಿದಿದ್ದರೆ, ಲೋಟ ಎತ್ತಿ ಮುಖಕ್ಕೆ ಎಸೆದಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು. ಕ್ಷಮಿಸಿಬಿಟ್ಟಿದ್ದಳು, ಅದೂ ಅವನು ಮಾಡದ ತಪ್ಪಿಗೆ. ಮಾಡಿದ ತಪ್ಪು ಹಾಗೇ ಉಳಿಯಿತು.

ಮಗಳು ಎದ್ದಿರಲಿಲ್ಲ. "ನಿಜ ಹೇಳಿದ್ರಿ ತಾನೆ ಈಗ?" ಎಂದಳು.

"ಹೌದು."

"ಪೂರ್ತಿ?"

"ಪೂರ್ತಿ."

"ನಿಮಗೆ ಹೊಡೆಯಬೇಕು ಅನ್ನಿಸ್ತಿದೆ ನನಗೆ." ಹೊಡೆಯಲಿಲ್ಲ. ಅಮ್ಮನ ಲೋಟವನ್ನು ತನ್ನ ಲೋಟದೊಳಗೆ ಇಟ್ಟಳು, ಮತ್ತೆ ತೆಗೆದಳು. "ನಾನು ಚಿಕ್ಕವಳಿದ್ದಾಗಿಂದ ಅಪ್ಪನ್ನ ಬೈದುಕೊಂಡೇ ಬೆಳೆದೋಳು. ಅಂಗಡಿಗೆ ಯಾರಾದ್ರೂ ವಯಸ್ಸಾದೋರು ಬಂದು ಕೆಮ್ಮಿನ ಔಷಧ ಕೇಳಿದ್ರೆ ಮುಖ ನೋಡ್ತೀನಿ, ನನ್ನ ಮೂಗು ಇದೆಯಾ ಅಂತ. ಸಿಕ್ಕಿದ್ರೆ ಏನೇನು ಅನ್ನಬೇಕು ಅಂತ ಎಲ್ಲ ಜೋಡಿಸಿ ಇಟ್ಟುಕೊಂಡಿದ್ದೆ. ಹೋದ ತಿಂಗಳು ನಿಮ್ಮ ವಿಡಿಯೋ ನೋಡಿದ ಮೇಲೆ ಮುಖ ನೋಡೋದು ಬಿಟ್ಟೆ. ಅಮ್ಮನಿಗೆ ನೀವು ಗಂಡನ್ನ ವಾಪಸು ಕೊಟ್ರಿ. ನನ್ನ ಅಪ್ಪನ್ನ ಸಾಯಿಸಿದ್ರಿ." ಆಮೇಲೆ ಬೇರೆಯದೇ ದನಿಯಲ್ಲಿ, "ಹಾಗಾದ್ರೆ ಬದುಕಿರಬಹುದಾ?" ಎಂದಳು.

ಅವನ ಬಾಯಿ ತೆರೆಯಿತು. ಹೌದು ಅನ್ನುವುದೂ ಇಲ್ಲ ಅನ್ನುವುದೂ ನಾಲಗೆಯ ತುದಿಯಲ್ಲಿ ಒಂದೇ ಸಲಕ್ಕೆ ಬಂದು ನಿಂತವು. ಎರಡನ್ನೂ ಚೆನ್ನಾಗಿ ಹೇಳಬಲ್ಲವನಾಗಿದ್ದ.

"ನನಗೆ ಗೊತ್ತಿಲ್ಲ," ಎಂದ.

"ಎಪ್ಪತ್ತೆರಡು ಆಗಿರುತ್ತೆ ಈಗ." ಎದ್ದು ನಿಂತಳು. "ಅಮ್ಮನಿಗೆ ಇನ್ನೊಂದು ಸಲ ಹೇಳೋಕೆ ಹೋಗಬೇಡಿ. ಅವಳು ಕೇಳಲ್ಲ. ಆದ್ರೆ ಇನ್ನು ಯಾರಿಗೂ ಹೇಳಬೇಡಿ ಆ ಕಥೆ."

"ನಾಳೆಯಿಂದ ಹೇಳಲ್ಲ."

"ನಾಳೆ ಯಾಕೆ? ಅಲ್ಲಿ ಹೆಲ್ಮೆಟ್ಟು ಹಾಕ್ಕೊಂಡು ನಿಂತಿದ್ದಾರಲ್ಲ, ಅವರ್ಯಾರು?"

ನಾಲ್ಕನೆಯ ತಂಡ. ಒಂಬತ್ತು ಜನ. ಎಣಿಸುವಾಗ ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಸರಿಬಂತು. ಇಳಿಯುತ್ತಿದ್ದಂತೆಯೇ ಒಬ್ಬ ದಪ್ಪ ಮನುಷ್ಯ ಮೊಬೈಲು ಸಿದ್ಧ ಮಾಡಿಕೊಂಡಿದ್ದ. ಎತ್ತರ ಇಷ್ಟು, ಉದ್ದ ಇಷ್ಟು; ಹಳೆಯ ಬಾಯಿಪಾಠ ತಾನಾಗಿ ಬರುತ್ತಿತ್ತು, ಅವನ ಮನಸ್ಸು ಮಾತ್ರ ಬ್ಲಾಕುಗಳನ್ನು ಎಣಿಸುತ್ತಿತ್ತು. ಹದಿನಾಲ್ಕು. ಹದಿನೈದು. ಸುಮ್ಮನೆ ದಾಟಿಹೋದರಾಯಿತು, ನಿಲ್ಲದಿದ್ದರಾಯಿತು. ಹದಿನೇಳರ ಮುಂದೆ ಅವನು ನಿಲ್ಲಲಿಲ್ಲ, ಅವರೇ ನಿಂತರು.

"ಇಲ್ಲೇ ಅಲ್ವಾ ಸಾರ್? ಹೇಳಿ ಸಾರ್," ಎಂದ ದಪ್ಪ ಮನುಷ್ಯ. ಮೊಬೈಲಿನ ಬೆಳಕು ಕಣ್ಣಿಗೆ ಹೊಡೆಯಿತು.

"ಇಲ್ಲಿ ಯಾರೂ ಇಲ್ಲ. ಅದು ನಾನು ಕಟ್ಟಿದ ಕಥೆ."

ಯಾರೋ ಕಿಸಕ್ಕನೆ ನಕ್ಕರು, ಇದೂ ಕಥೆಯ ಭಾಗವಿರಬೇಕು ಅಂತ. ಅವನು ನಗಲಿಲ್ಲ. ನಗು ನಿಂತಿತು. "ಇದಕ್ಕೋಸ್ಕರ ಅಷ್ಟು ದೂರದಿಂದ ಬಂದ್ವಾ," ಅಂತ ಒಬ್ಬಳು ಗಂಡನಿಗೆ ಹೇಳಿದಳು. ಬೆಳಕು ಆರಿತು. ಇನ್ನು ಮುಂದೆ ಹೋಗಬಹುದಿತ್ತು. ಆದರೆ ಮಾತು ನಿಂತಲ್ಲಿ ನಿಂತು ಅವನಿಗೆ ರೂಢಿಯಿರಲಿಲ್ಲ. ಬಾಯೊಳಗೆ ಅಷ್ಟಗಲದ ಖಾಲಿ. ಆ ಖಾಲಿಯಿಂದ ಅವನೇ ಅಂದುಕೊಳ್ಳದ ಮಾತು ಎದ್ದಿತು.

"ನಮ್ಮಪ್ಪ ಇಲ್ಲಿ ಕೂಲಿ," ಎಂದ. "ಕ್ರೇನಿಗೆ ಸನ್ನೆ ಮಾಡೋ ಕೂಲಿ. ಓದು ಬರಹ ಇರಲಿಲ್ಲ. ಕಟ್ಟಿ ಮುಗಿದ ಮೇಲೆ ಚರಂಡಿ ಗುಡಿಸೋ ಕೆಲಸ ಕೊಟ್ರು, ಈ ಚರಂಡಿನೇ. ನನಗೆ ಇಪ್ಪತ್ತೆರಡಾದಾಗ ಇಲ್ಲೇ ಕೆಲಸಕ್ಕೆ ಅರ್ಜಿ ಹಾಕಿದೆ. ಇಂಟರ್‌ವ್ಯೂಗೆ ಅಪ್ಪ ನನ್ನ ಜೊತೆ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದ. ಬಾಗಿಲಿಗೆ ಬರೀ ಪರದೆ. ಒಳಗಿದ್ದೋರು, ನಿಮ್ಮ ತಂದೆ ಏನು ಮಾಡ್ತಿದ್ರು ಅಂದ್ರು. ನಾನು ಸೂಪರ್‌ವೈಸರ್ ಅಂದೆ."

ಗುಂಪು ಚದುರತೊಡಗಿತ್ತು. ದಪ್ಪ ಮನುಷ್ಯ ಮುಂದಿನ ಬಲ್ಬಿನ ಕೆಳಗೆ ನಿಂತು ಮೊಬೈಲಿನಲ್ಲಿ ಸಿಗ್ನಲ್ ಹುಡುಕುತ್ತಿದ್ದ. ಗಂಡ ಹೆಂಡತಿ ವಾಪಸು ಹೋಗುವ ದಾರಿ ಯಾವುದು ಅಂತ ನೋಡುತ್ತಿದ್ದರು. ಹತ್ತಿರ ಉಳಿದವಳು ಒಬ್ಬಳು, ಚಳಿಗೆ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡವಳು. "ಅವರಿಗೆ ಕೇಳಿಸ್ತಾ?" ಎಂದಳು.

"ಕೇಳಿಸಿರಬೇಕು. ಮನೆ ಮುಟ್ಟೋ ತನಕ ಏನೂ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ. ನನಗೆ ಕೆಲಸ ಸಿಕ್ತು. ಒಂದು ದಿನ ನನ್ನ ಜೊತೆ ಕೆಲಸ ಮಾಡೋರು ಮನೆಗೆ ಬಂದಿದ್ರು. ಯಾರೋ ಅಪ್ಪನ್ನ, ನೀವು ಇಲ್ಲಿ ಏನಾಗಿದ್ರಿ ಅಂತ ಕೇಳಿದ್ರು. ನಾನು ಲೋಟ ತೊಳೆಯೋ ನೆವದಲ್ಲಿ ಒಳಗೆ ಹೋದೆ." ಅವನಿಗೆ ತನ್ನ ದನಿ ತನ್ನದಲ್ಲವೆನ್ನುವಷ್ಟು ಸಣ್ಣದಾಗಿ ಕೇಳುತ್ತಿತ್ತು, ತಗ್ಗಿಸಿದ್ದಲ್ಲ, ತಾನಾಗಿ ತಗ್ಗಿದ್ದು. "ಅಪ್ಪ, ಸೂಪರ್‌ವೈಸರ್ ಆಗಿದ್ದೆ ಅಂದ. ಅವತ್ತಿಂದ ಯಾರು ಕೇಳಿದ್ರೂ ಅದನ್ನೇ ಹೇಳ್ತಿದ್ದ. ಆಸ್ಪತ್ರೆಯಲ್ಲಿ ಕೊನೇ ಸಲ ಹೆಸರು, ಕೆಲಸ ಬರೆಸೋವಾಗ್ಲೂ ಹಾಗೇ ಬರೆಸಿದ. ನಾನು ಪಕ್ಕದಲ್ಲೇ ನಿಂತಿದ್ದೆ."

ಮುಂದಿನಿಂದ ದಪ್ಪ ಮನುಷ್ಯ, "ಸಾರ್, ನೋಡೋಕೆ ಇನ್ನೇನಾದ್ರೂ ಇದೆಯಾ?" ಎಂದು ಕೂಗಿದ. ಆ ಕೂಗು ಗೋಡೆಯಿಂದ ಗೋಡೆಗೆ ತಗಲಿಕೊಂಡು ಎಷ್ಟೋ ದೂರ ಹೋಯಿತು.

"ಇಲ್ಲ, ಇಷ್ಟೇ," ಎಂದು ಅವನು ಅವರ ಹಿಂದೆ ನಡೆದ.